ಇಪ್ಪತ್ತು ಉಸಿರು

ಚಂದ್ರಮೌಳಿ ಮಿಲ್ಲಿನ ಮೊದಲ ಪಾಳಿ ಬಿಡುವುದು ಮಧ್ಯಾಹ್ನ ಮೂರಕ್ಕೆ. ಮೂರೂವರೆಗೆ ಮಾಬುನ್ನಿ ಮನೆಗೆ ಬಂದಳು. ಕೈಕಾಲು ತೊಳೆದು, ತಟ್ಟೆಗೆ ಬಡಿಸಿಕೊಂಡು, ಗೋಡೆಗೆ ಒರಗಿ ಕುಳಿತಳು. ಎರಡು ತುತ್ತು ರೊಟ್ಟಿ ತಿಂದಳು. ಮೂರನೆಯ ತುತ್ತು ಬೆರಳಲ್ಲೇ ಉಳಿಯಿತು, ಕಣ್ಣು ಮುಚ್ಚಿತು.

ಅಂಗಳದಲ್ಲಿ ಪಕ್ಕದ ಮನೆಯವರ ಸೀಮೆಎಣ್ಣೆ ಸ್ಟೋವ್ ಬಿಚ್ಚಿಕೊಂಡು ಕೂತಿದ್ದ ದಾದಾಪೀರ್, ಪಾಪ, ದಣಿದಿದ್ದಾಳೆ, ಹಾಗೇ ಒಂದು ಗಳಿಗೆ ಮಲಗಲಿ ಎಂದುಕೊಂಡ. ಸ್ಟೋವಿನ ಪಿನ್ನು ಹುಡುಕಲು ಒಳಗೆ ಬಂದವನಿಗೆ ಮಗಳ ಉಗುರು ಕಣ್ಣಿಗೆ ಬಿತ್ತು. ನೇರಳೆ ಬಣ್ಣಕ್ಕೆ ತಿರುಗಿತ್ತು. ಮುಖದಲ್ಲಿ ಒಂದಿಷ್ಟೂ ಸಂಕಟವಿಲ್ಲ, ಎದೆ ಮಾತ್ರ ಅಲುಗುತ್ತಿಲ್ಲ.

ದಾದಾಪೀರನ ತಲೆಗಿಂತ ಮೊದಲು ಕೈಗೆ ಗೊತ್ತಾಯಿತು. ಮಂಡಿಯೂರಿ ಎಡಗೈಯನ್ನು ಮಗಳ ಎದೆಯ ಮೇಲೆ ಅಗಲವಾಗಿ ಇಟ್ಟ.

"ಬುನ್ನೀ, ಉಸಿರು ತಗೋ."

ಎದೆ ಏಳಲಿಲ್ಲ. ಬೆರಳಗಂಟಿನಿಂದ ಎದೆಮೂಳೆಯನ್ನು ನೋವಾಗುವಂತೆ ಉಜ್ಜಿ ಮತ್ತೆ ಕರೆದ. "ಬುನ್ನೀ, ನಾನು ಅಪ್ಪ. ಉಸಿರು ತಗೋ." ಈ ಸಲ ಎಲ್ಲೋ ಆಳದಿಂದ ಒಂದು ಉಸಿರು ಬಂತು. ಅವನು ಕೈ ತೆಗೆಯಲಿಲ್ಲ. ತಡೆತಡೆದು, ಒಂದೊಂದನ್ನೇ ಕರೆಯುತ್ತ ಇಪ್ಪತ್ತು ಎಣಿಸಿದ. ಹನ್ನೆರಡರ ಹೊತ್ತಿಗೆ ತುಟಿಗೆ ಬಣ್ಣ ಬಂತು. ಇಪ್ಪತ್ತು ಮುಗಿಯುವಾಗ ತಟ್ಟೆಯಲ್ಲಿದ್ದ ಪಲ್ಯ ಆರಿ ತಣ್ಣಗಾಗಿತ್ತು.

ಮಾಬುನ್ನಿ ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು. "ಯಾಕೆ ಎಬ್ಬಿಸ್ದೆ ಅಪ್ಪಾ? ಭಾಳ ಚಲೋ ನಿದ್ದೆ ಬಂದಿತ್ತು."

ಆ ಮಾತಿಗೆ ದಾದಾಪೀರನ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳಲ್ಲಿ ಮಿಲ್ಲಿನ ಮೂವರು ಸತ್ತಿದ್ದರು. ಕರಿಬಸಪ್ಪ ಗೇಟಿನ ಹೊರಗಿನ ಬೆಂಚಿನ ಮೇಲೆ. ಸಾವಂತ್ರಮ್ಮ ಸಿಟಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ತಿಪ್ಪೇಶಿ ಎಂಬ ಇಪ್ಪತ್ತಮೂರರ ಹುಡುಗ ಕ್ಷೌರದಂಗಡಿಯ ಕುರ್ಚಿಯಲ್ಲಿ. ಕ್ಷೌರಿಕ ಅರ್ಧ ಗಡ್ಡ ಹೆರೆದ ಮೇಲೆ ನೋಡಿದ್ದಂತೆ. ಮೂವರೂ ಪಾಳಿ ಮುಗಿಸಿ ಒಂದು ಗಂಟೆಯೊಳಗೆ, ಕೂತಲ್ಲೇ, ನಿದ್ದೆಯಲ್ಲೇ ಹೋಗಿದ್ದರು. ಮಿಲ್ಲಿನ ಡಾಕ್ಟರು ಮೂವರಿಗೂ ಹೃದಯಾಘಾತ ಎಂದು ಬರೆದು ಕೈ ತೊಳೆದುಕೊಂಡಿದ್ದ. ಇಪ್ಪತ್ತಮೂರರ ಹುಡುಗನಿಗೆ ಎಂಥ ಹೃದಯಾಘಾತ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ ಎಂಬುದು ಈಗ ಅವನ ಎದೆಗೆ ಚುಚ್ಚಿತು. ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಇದು ತನಗೆ ಗೊತ್ತಿರಬೇಕಾದ ಸಾವು.

ಏಕೆಂದರೆ ಮಿಲ್ಲಿನಲ್ಲಿ ಕೆಲಸಗಾರರ ಬೆನ್ನಿಗೆ ಕಟ್ಟುವ ಉಸಿರುಪೆಟ್ಟಿಗೆಯ ಅಜ್ಜನನ್ನು, ಅಂದರೆ ಅದರ ಮೊದಲ ಯಂತ್ರವನ್ನು, ಕಟ್ಟಿದ ಎರಡು ಜೊತೆ ಕೈಗಳಲ್ಲಿ ಒಂದು ಜೊತೆ ಅವನದು.

ಐವತ್ತೆಂಟನೆಯ ಇಸವಿಯಲ್ಲಿ, ದಾವಣಗೆರೆಯ ಒಂದು ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಡಾಕ್ಟರ್ ಸಿದ್ಧಗಂಗಮ್ಮ ಎಂಬ ಮೂವತ್ತರ ಹೆಣ್ಣುಮಗಳು ಒಂದು ಹುಚ್ಚು ಹಿಡಿಸಿಕೊಂಡಿದ್ದರು. ಹೃದಯವನ್ನು ಬಿಚ್ಚಿ ರಿಪೇರಿ ಮಾಡಬೇಕು. ಮಾಡುವಷ್ಟು ಹೊತ್ತು ಹೃದಯದ ಕೆಲಸವನ್ನೂ ಪುಪ್ಪುಸದ ಕೆಲಸವನ್ನೂ ಒಂದು ಯಂತ್ರ ಮಾಡಬೇಕು. ರಕ್ತವನ್ನು ಮೈಯಿಂದ ಹೊರಗೆ ತಂದು, ಗಾಜಿನ ತಟ್ಟೆಗಳ ಮೇಲೆ ತೆಳ್ಳಗೆ ಹರಡಿ, ಆಮ್ಲಜನಕ ಊದಿ, ಮತ್ತೆ ಒಳಗೆ ಕಳಿಸಬೇಕು. ಪಂಪು ಬೇಕಾಗಿತ್ತು. ರಕ್ತದ ಕಣ ಜಜ್ಜದಂತೆ ರಬ್ಬರಿನ ಕೊಳವೆಯನ್ನು ಹದವಾಗಿ ಒತ್ತುತ್ತ ತಿರುಗುವ ರೋಲರು ಬೇಕಾಗಿತ್ತು. ನೂಲನ್ನು ಹರಿಯದಂತೆ ಒತ್ತುವ ರೋಲರು ಮಿಲ್ಲಿನಲ್ಲಿ ಇದೆಯಲ್ಲ ಎಂದು ಅವರಿಗೆ ಹೊಳೆದದ್ದೇ ತಡ, ಮಿಲ್ಲಿನ ಗೇಟಿಗೆ ಬಂದು, ಒಳ್ಳೆಯ ಫಿಟ್ಟರ್ ಯಾರು ಎಂದು ಕೇಳಿದರು. ಎಲ್ಲರೂ ತೋರಿಸಿದ್ದು ದಾದಾಪೀರನನ್ನು.

ಅವನು ಪಿಂಜಾರರ ಮನೆಯವನು. ಅವನಪ್ಪ ಬಿಲ್ಲು ಹೊತ್ತು ಮನೆಮನೆ ತಿರುಗಿ ಹಾಸಿಗೆಗೆ ಅರಳೆ ಹಿಂಜುತ್ತಿದ್ದ. ಆ ಅರಳೆಯ ಧೂಳನ್ನೇ ಕೆಮ್ಮಿ ಕೆಮ್ಮಿ ಸತ್ತ. ಹಾಗಾಗಿ ಉಸಿರಿನ ಯಂತ್ರ ಎಂದಾಗ ದಾದಾಪೀರ್ ಕೂಲಿ ಎಷ್ಟು ಎಂದು ಕೇಳಲಿಲ್ಲ. ಪಾಳಿ ಮುಗಿಸಿ ಶೆಡ್ಡಿಗೆ ಹೋದ, ಯಂತ್ರ ಸಿದ್ಧವಾಗುವವರೆಗೆ ಎರಡು ವರ್ಷ ಹೋದ.

ಮೊದಲು ಯಂತ್ರಕ್ಕೆ ಹಾಕಿದ್ದು ಹೃದಯದಲ್ಲಿ ತೂತಿದ್ದ ಏಳು ವರ್ಷದ ಒಂದು ಹುಡುಗಿಯನ್ನು. ಇಪ್ಪತ್ತಾರು ನಿಮಿಷ ಯಂತ್ರವೇ ಅವಳ ಹೃದಯವಾಗಿತ್ತು. ತೂತು ಹೊಲಿದಾಯಿತು, ಪಂಪು ನಿಲ್ಲಿಸಿದ್ದಾಯಿತು, ಹೃದಯ ಬಡಿಯತೊಡಗಿತು. ಉಸಿರು ಮಾತ್ರ ಬರಲಿಲ್ಲ. ದೊಡ್ಡ ಡಾಕ್ಟರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಪಂಪಿನ ಹಿಡಿಯ ಹತ್ತಿರ ನಿಂತಿದ್ದ ದಾದಾಪೀರನಿಗೆ ಬಾಗಿಲಲ್ಲಿ ಆ ಮಗುವಿನ ತಾಯಿ ಹೇಳಿದ ಮನೆಯ ಹೆಸರು ನೆನಪಿತ್ತು. ಎದೆಯ ಮೇಲೆ ಕೈಯಿಟ್ಟು, "ಪುಟ್ಟೀ, ಉಸಿರು ತಗೋ" ಎಂದ. ಮಗು ಉಸಿರು ತೆಗೆದುಕೊಂಡಿತು. ಇಪ್ಪತ್ತು ಸಲ ಕರೆದ ಮೇಲೆ ತನ್ನಷ್ಟಕ್ಕೆ ಉಸಿರಾಡತೊಡಗಿತು.

ಯಾಕೆ ಹೀಗೆ ಎಂದು ಸಿದ್ಧಗಂಗಮ್ಮ ಆಮೇಲೆ ರಕ್ತ ತೆಗೆದು ಪರೀಕ್ಷೆ ಮಾಡಿ ಕಂಡುಹಿಡಿದರು. ಮನುಷ್ಯನಿಗೆ ಉಸಿರಾಡಬೇಕು ಅನ್ನಿಸುವುದು ಒಳ್ಳೆಯ ಗಾಳಿ ಕಡಿಮೆಯಾಯಿತು ಅಂತ ಅಲ್ಲ, ಕೆಟ್ಟ ಗಾಳಿ, ಅಂದರೆ ಇಂಗಾಲದ ಡೈಆಕ್ಸೈಡು, ರಕ್ತದಲ್ಲಿ ತುಂಬಿಕೊಂಡಿತು ಅಂತ. ಅದು ಬಂದು ಕದ ಬಡಿದರೆ ಮಿದುಳು ಎದ್ದು ಉಸಿರು ಎಳೆಯುತ್ತದೆ. ಯಂತ್ರ ಆ ಕೆಟ್ಟ ಗಾಳಿಯನ್ನೆಲ್ಲ ತೊಳೆದುಹಾಕಿಬಿಟ್ಟರೆ ಕದ ಬಡಿಯುವವರೇ ಇರುವುದಿಲ್ಲ. ಎಚ್ಚರವಿದ್ದವನು ಅಭ್ಯಾಸಬಲದಿಂದ ಹೇಗೋ ಉಸಿರಾಡಿಕೊಂಡಿರುತ್ತಾನೆ. ನಿದ್ದೆ ಬಂತೋ, ಸುಖವಾಗಿ, ಒದ್ದಾಡದೆ ಸಾಯುತ್ತಾನೆ. ಅದಕ್ಕೇ ಯಂತ್ರ ಬಿಡಿಸಿದ ಮೇಲೆ ಒಬ್ಬರು ಪಕ್ಕದಲ್ಲಿ ಕೂತು, ನಿದ್ದೆಗೆ ಬಿಡದೆ, ಅವಸರ ಮಾಡದೆ ಇಪ್ಪತ್ತು ಉಸಿರು ಕರೆಯಬೇಕು. ಹದಿನೈದು ನಿಮಿಷ ಹಿಡಿಯುತ್ತದೆ. ಶೆಡ್ಡಿನಲ್ಲಿ ಇದು ನಿಯಮವಾಯಿತು. ಕರೆಯುವವನು ಯಾವಾಗಲೂ ದಾದಾಪೀರನೇ.

ಆಮೇಲೆ ಗಾಜಿನ ತಟ್ಟೆಗಳು ಹೋಗಿ ಸಿಲಿಕೋನಿನ ತೆಳ್ಳನೆಯ ಚೀಲ ಬಂತು. ಕೋಣೆಯಷ್ಟಿದ್ದ ಯಂತ್ರ ಮೇಜಿನಷ್ಟಾಯಿತು, ಕೊನೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ಟಿಗೆಯಾಯಿತು. ಕೊರಳ ಬುಡದಲ್ಲಿ ಎರಡು ಬಾಯಿಯ ಒಂದು ಉಕ್ಕಿನ ಗುಂಡಿ ಕೂರಿಸಿದರೆ ಸಾಕು, ಕೊಳವೆ ಸಿಕ್ಕಿಸಿ ತೆಗೆಯಬಹುದು. ಆ ಗುಂಡಿಯನ್ನು ಸಿದ್ಧಗಂಗಮ್ಮ ಮೊದಲು ಕೂರಿಸಿಕೊಂಡದ್ದು ತಮ್ಮ ಕೊರಳಿಗೇ. ಪುಪ್ಪುಸ ಕೆಟ್ಟವರು ಎದ್ದು ಓಡಾಡಲಿ, ಅವರ ಪುಪ್ಪುಸಕ್ಕೆ ನಾಲ್ಕು ದಿನ ವಿಶ್ರಾಂತಿ ಸಿಗಲಿ ಎಂದು ಮಾಡಿದ್ದು. ಹೊರನಾಡಿನ ಕಂಪನಿಯೊಂದು ನಕ್ಷೆ ತೆಗೆದುಕೊಂಡು ಹೋಯಿತು. ಹತ್ತು ವರ್ಷದ ನಂತರ, ಎಂಬತ್ತೆಂಟರಲ್ಲಿ, ಅದೇ ಪೆಟ್ಟಿಗೆ ಚಂದ್ರಮೌಳಿ ಮಿಲ್ಲಿಗೆ ಬಂತು.

ಮಿಲ್ಲಿನವರ ಲೆಕ್ಕಾಚಾರ ನೋಡಿ. ಹತ್ತಿಯ ಧೂಳಿನಿಂದ ಜನ ಕೆಮ್ಮಿ ಸಾಯುತ್ತಾರೆ. ಧೂಳು ಎಳೆಯುವ ಯಂತ್ರ ಹಾಕಿ ಗಾಳಿ ಚೊಕ್ಕ ಮಾಡಬಹುದು. ಅಥವಾ ಜನ ಆ ಗಾಳಿಯನ್ನು ಉಸಿರಾಡದ ಹಾಗೇ ಮಾಡಬಹುದು. ಕೊರಳಿಗೆ ಗುಂಡಿ, ಮೂಗಿಗೆ ಚಿಮುಟ, ಬಾಯಿಗೆ ಪಟ್ಟಿ, ಬೆನ್ನಿಗೆ ಉಸಿರುಪೆಟ್ಟಿಗೆ. ಎಂಟು ಗಂಟೆ ಮಾತಿಲ್ಲ, ಕೆಮ್ಮಿಲ್ಲ, ಉಸಿರೂ ಇಲ್ಲ. ಪೆಟ್ಟಿಗೆ ಬಂದ ವಾರದಲ್ಲೇ ಇದ್ದಬದ್ದ ಧೂಳೆಳೆಯುವ ಯಂತ್ರಗಳನ್ನು ಕಿತ್ತು ಗುಜರಿಗೆ ಹಾಕಿದರು. ನೂಲು ತೆಗೆಯುವ ರಿಂಗ್ ಖಾತೆಯ ಗಾಳಿ ಈಗ ಎಷ್ಟು ದಟ್ಟವಾಗಿತ್ತೆಂದರೆ ನಾಲ್ಕನೆಯ ಸಾಲಿನಲ್ಲಿ ನಿಂತವರಿಗೆ ಆರನೆಯ ಸಾಲು ಕಾಣುತ್ತಿರಲಿಲ್ಲ.

ದಾದಾಪೀರ್ ಸ್ಟೋವನ್ನು ಹಾಗೇ ಬಿಟ್ಟು ಸೈಕಲ್ ಹತ್ತಿದ.

ಸಿದ್ಧಗಂಗಮ್ಮನವರಿಗೆ ಈಗ ಅರವತ್ತೊಂದು. ಬಡಾವಣೆಯ ಮನೆಯಲ್ಲಿ ಒಬ್ಬರೇ, ಪುಸ್ತಕ ಮತ್ತು ಹಳೆಯ ಗಾಜಿನ ತಟ್ಟೆಗಳ ನಡುವೆ ಇದ್ದರು. ಮಿಲ್ಲು ಪೆಟ್ಟಿಗೆ ತಂದಾಗ ನಾಲ್ಕು ಕಾಗದ ಬರೆದಿದ್ದರು, ಒಂದಕ್ಕೂ ಉತ್ತರ ಬಂದಿರಲಿಲ್ಲ. ದಾದಾಪೀರ್ ಮಾಬುನ್ನಿಯ ಸಂಗತಿ ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಕೆಂಪಡರಿತ್ತು.

"ಪೆಟ್ಟಿಗೆಯಲ್ಲಿ ಕೆಟ್ಟ ಗಾಳಿ ತೊಳೆಯೋ ಗ್ಯಾಸಿನ ಗುರುತು ಎಷ್ಟರಲ್ಲಿ ಇಟ್ಟಿದಾರಂತೆ?"

"ಆರರಲ್ಲಿ ಅಂತಾಳೆ ಮಗಳು."

"ನಾವು ಎರಡು ದಾಟ್ತಾ ಇರಲಿಲ್ಲ. ಎರಡರಲ್ಲಿಟ್ರೆ ಉಸಿರು ಕಟ್ಟಿದ ಹಾಗಾಗಿ ಜನ ಬಾಯಿಪಟ್ಟಿ ಕಿತ್ಕೋತಾರೆ. ಅದಕ್ಕೆ ಆರು. ಉಸಿರಿನ ಆಸೆಯನ್ನೇ ತೊಳೆದುಬಿಡೋದು." ಅವರು ಎದ್ದು ಕೋಣೆಯಲ್ಲಿ ಅತ್ತಿತ್ತ ನಡೆದರು. "ಬಿಡಿಸಿದ ಮೇಲೆ ಯಾರು ಕರೀತಾರೆ?"

"ಯಾರೂ ಇಲ್ಲ. ಗಂಟೆ ಬಾರಿಸಿದ ತೊಂಬತ್ತು ಸೆಕೆಂಡಿನಾಗೆ ಪೆಟ್ಟಿಗೆ ಮುಂದಿನ ಪಾಳಿಯವರ ಬೆನ್ನಿಗೆ ಹೋಗ್ಬೇಕು. ಒಳಗಿನ ಚೀಲ ಅವರವರದು, ಪೆಟ್ಟಿಗೆ ಮಾತ್ರ ಒಂದೇ. ಬಿಸಿ ಆರೋದೇ ಇಲ್ಲ ಅದಕ್ಕೆ."

"ಕರೀಬೇಕು ಅಂತ ಗೊತ್ತಿಲ್ಲವಾ ಆ ಮುಠ್ಠಾಳರಿಗೆ?"

ದಾದಾಪೀರ್ ಅವರ ಮುಖ ನೋಡಿದ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂತು. "ಹ್ಯಾಂಗ್ ಗೊತ್ತಾಗ್ಬೇಕು ಅಮ್ಮಾರೇ? ನಿಮ್ಮ ಪುಸ್ತಕದಾಗೆ ಐತಾ?"

ಸಿದ್ಧಗಂಗಮ್ಮ ನಿಂತಲ್ಲೇ ನಿಂತರು.

ಯಂತ್ರದ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕಕ್ಕೆ ಇನ್ನೂರ ಹದಿನಾಲ್ಕು ಪುಟ. ಯಾವ ಕೊಳವೆ ಎಷ್ಟು ದಪ್ಪ, ಯಾವ ಸ್ಕ್ರೂ ಎಷ್ಟು ಸುತ್ತು, ಎಲ್ಲವೂ ಇತ್ತು. ಕರೆಯುವುದು ಇರಲಿಲ್ಲ. ಬರೆಯುವಾಗ ಮರೆತದ್ದಲ್ಲ. ಮಿಲ್ಲಿನ ಫಿಟ್ಟರ್ ಒಬ್ಬ ರೋಗಿಯ ಎದೆಯ ಮೇಲೆ ಕೈಯಿಟ್ಟು ಪುಟ್ಟೀ, ಕಿಟ್ಟೀ ಅಂತ ಕರೆಯುತ್ತಾನೆ ಎಂದು ಬರೆದರೆ ಹೊರನಾಡಿನವರು ನಕ್ಕಾರು, ಇವರದು ಶಾಸ್ತ್ರವೋ ಮಂತ್ರವೋ ಅಂದಾರು ಎಂದು ನಾಚಿಕೆಪಟ್ಟು ಬಿಟ್ಟದ್ದು. ಹೇಗೂ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದೆ, ಬರೆಯುವುದೇನು ಎಂದು ಆಗ ಸಮಾಧಾನ ಹೇಳಿಕೊಂಡಿದ್ದರು.

"ನೀನು ಆಗಲೇ ಯಾಕೆ ಕೇಳ್ಲಿಲ್ಲ?"

"ಪುಸ್ತಕ ಇಂಗ್ಲಿಷಿನಾಗಿತ್ತು. ಗೊತ್ತಾಗೋ ಹೊತ್ತಿಗೆ ಅಚ್ಚಾಗಿತ್ತು. ಗೊತ್ತಾದ ಮೇಲೂ ಕೇಳ್ಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅದಕ್ಕೇ ಕೇಳ್ಲಿಲ್ಲ."

ಒಬ್ಬರ ನಾಚಿಕೆ, ಇನ್ನೊಬ್ಬರ ಸಿಟ್ಟು, ಅವೆರಡರ ನಡುವೆ ಮೂರು ಹೆಣ ಬಿದ್ದಿದ್ದವು. "ನಡಿ, ಮಿಲ್ಲಿಗೆ ಹೋಗೋಣ" ಎಂದು ಸಿದ್ಧಗಂಗಮ್ಮ ಚಪ್ಪಲಿ ಮೆಟ್ಟಿದರು.

ಮ್ಯಾನೇಜರ್ ವಾಮದೇವಪ್ಪನ ಗಾಜಿನ ಕೋಣೆ ರಿಂಗ್ ಖಾತೆಯ ಮೇಲೆ ಅಟ್ಟದಲ್ಲಿತ್ತು. ಗೋಡೆಯ ತುಂಬ ಹಸಿರು ದೀಪ, ಒಂದೊಂದು ಪೆಟ್ಟಿಗೆಗೆ ಒಂದೊಂದು. ದೀಪ ಹಸಿರಾಗಿದ್ದರೆ ಆ ಬೆನ್ನಿನ ಮೇಲೆ ಪೆಟ್ಟಿಗೆ ಓಡುತ್ತಿದೆ ಎಂದರ್ಥ. ಬೆನ್ನು ಯಾರದೆಂದು ದೀಪ ಹೇಳುತ್ತಿರಲಿಲ್ಲ. ಇನ್ನೊಂದು ಗೋಡೆಗೆ ಸಿದ್ಧಗಂಗಮ್ಮನವರ ದೊಡ್ಡ ಫೋಟೋ, ಅದಕ್ಕೆ ಗಂಧದ ಹಾರ.

"ನಾನಿನ್ನೂ ಸತ್ತಿಲ್ಲ" ಎಂದರು ಅವರು, ಫೋಟೋ ನೋಡಿ.

ವಾಮದೇವಪ್ಪ ನಗುತ್ತ ಎದ್ದು ಕುರ್ಚಿ ಎಳೆದ. ಸಾಕಿದ ಮೀಸೆ, ಸಾಕಿದ ಮಾತು. ದಾದಾಪೀರನಿಗೆ ಕುರ್ಚಿ ಎಳೆಯಲಿಲ್ಲ. ಸಿದ್ಧಗಂಗಮ್ಮ ಹೇಳುವುದನ್ನೆಲ್ಲ ತಲೆದೂಗುತ್ತ ಕೇಳಿದ. ಹದಿನೈದು ನಿಮಿಷ ಎಂಬ ಮಾತು ಬಂದಾಗ ಮಾತ್ರ ತಲೆದೂಗುವುದು ನಿಂತಿತು.

"ಮೇಡಂ, ದಿನಕ್ಕೆ ಮೂರು ಪಾಳಿ. ಮೂರು ಸಲ ಹದಿನೈದು ನಿಮಿಷ ಎಲ್ಲಾ ಸ್ಪಿಂಡಲ್ಲು ನಿಲ್ಲಿಸೋಕಾಗತ್ಯೇ?" ಅವನು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಮುಂದಿಟ್ಟ. "ಇದು ನಿಮ್ಮದೇ. ನಾವು ಇದನ್ನ ಅಕ್ಷರಶಃ ಪಾಲಿಸ್ತಾ ಇದೀವಿ. ಕರೆಯೋದು ಯಾವ ಪುಟದಲ್ಲಿದೆ, ನೀವೇ ತೋರಿಸಿ."

"ನಾನು ಬರೀಲಿಲ್ಲ. ತಪ್ಪು ನಂದು. ಈಗ ಹೇಳ್ತಾ ಇದೀನಿ."

"ಬಾಯಿಮಾತಿಗೆ ಕಂಪನಿ ಒಪ್ಪಬೇಕಲ್ಲ. ಆದರೂ ನಿಮ್ಮ ಮಾತು ತೆಗೆದುಹಾಕಲ್ಲ ಮೇಡಂ. ಕರೀಬೇಕು ತಾನೆ? ಕರೆಸೋಣ."

ಕರೆಸಿದ. ಒಂದು ವಾರದಲ್ಲಿ ಗೇಟಿನ ಹೊರಗಿನ ಬೆಂಚಿನ ಮೇಲುಗಡೆ ಒಂದು ಧ್ವನಿವರ್ಧಕ ಬಂತು. ಪಾಳಿ ಬಿಟ್ಟೊಡನೆ ಅದರಿಂದ ಯಾವುದೋ ಹೆಂಗಸಿನ ನಯವಾದ ದನಿ, "ಕಾರ್ಮಿಕ ಬಂಧುಗಳೇ, ದಯವಿಟ್ಟು ಉಸಿರು ತೆಗೆದುಕೊಳ್ಳಿ" ಎನ್ನುತ್ತಿತ್ತು. ನಿಮಿಷಕ್ಕೊಮ್ಮೆ, ಹದಿನೈದು ಸಲ. ಮೊದಲ ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಯಾರ ಕಿವಿಗೂ ಅದು ಬೀಳದಾಯಿತು.

ಒಂಬತ್ತನೆಯ ದಿನ, ಆ ಧ್ವನಿವರ್ಧಕದ ಡಬ್ಬಿಯ ಅಡಿಯಲ್ಲೇ, ಬೆಂಚಿನ ಮೇಲೆ ಹನುಮಕ್ಕ ಸತ್ತಳು. ಮಾಬುನ್ನಿಯ ಪಕ್ಕದ ನೂಲಿನ ಫ್ರೇಮಿನಲ್ಲಿ ಕೆಲಸ ಮಾಡುವವಳು. ಬಸ್ಸಿಗೆ ಕಾಯುತ್ತ ಕೂತಿದ್ದಳು, ಮಡಿಲಲ್ಲಿ ಬುತ್ತಿಯ ಡಬ್ಬಿ ಇತ್ತು. ಮೇಲಿನ ದನಿ ಹದಿನೈದು ಸಲ ಮರ್ಯಾದೆಯಿಂದ ಉಸಿರು ತೆಗೆದುಕೊಳ್ಳಲು ಹೇಳಿ ಸುಮ್ಮನಾಗಿತ್ತು. ಮಿಲ್ಲಿನ ಡಾಕ್ಟರು ಬಂದು ಬರೆದದ್ದು ಅದೇ, ಹೃದಯಾಘಾತ.

ಮಣ್ಣು ಮಾಡಿ ಬಂದ ದಿನ ಮಾಬುನ್ನಿ ಒಲೆ ಹಚ್ಚಲಿಲ್ಲ. "ಕೆಲಸ ಬಿಡು" ಎಂದ ದಾದಾಪೀರ್.

"ನಾನು ಬಿಟ್ರೆ ನನ್ನ ಪೆಟ್ಟಿಗೆ ಇನ್ನೊಬ್ಬಾಕಿ ಬೆನ್ನಿಗೆ ಹೋಗ್ತೈತೆ" ಎಂದಳು ಅವಳು. "ಆಕಿಗೆ ಕರೆಯಾಕೆ ನಿನ್ನಂಥ ಅಪ್ಪ ಇರ್ತಾನಾ? ನೀನು ನನ್ನೊಬ್ಬಾಕೀನ ಉಳಿಸ್ಕೊಂಡು ಸುಮ್ನಾಗ್ತೀಯೇನು?"

ದಾದಾಪೀರ್ ಮರುದಿನ ಬೆಳಿಗ್ಗೆ ಸಿದ್ಧಗಂಗಮ್ಮನವರ ಮನೆಗೆ ಹೋದರೆ ಅವರು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ತಾವೂ ಒಂದು ಪಾಳಿ ಪೆಟ್ಟಿಗೆ ಹೊತ್ತು ಕೆಲಸ ಮಾಡಿ ನೋಡುವುದಾಗಿ ವಾಮದೇವಪ್ಪನಿಗೆ ಚೀಟಿ ಕಳಿಸಿದ್ದರು. ಅವನು ಹಿರಿಹಿರಿ ಹಿಗ್ಗಿ, ಪತ್ರಿಕೆಯವರಿಗೂ ಹೇಳುತ್ತೇನೆ, ಫೋಟೋ ತೆಗೆಸೋಣ ಎಂದು ಉತ್ತರ ಕಳಿಸಿದ್ದ.

"ಬೆಂಚಿನ ಮೇಲೆ ನಾನು ಕೂತು ನಿದ್ದೆ ಹೋಗ್ತೀನಿ" ಎಂದರು ಸಿದ್ಧಗಂಗಮ್ಮ. "ಉಸಿರು ನಿಲ್ಲತ್ತೆ. ವಾಮದೇವಪ್ಪ ಕರೀಬೇಕು. ಎಲ್ಲರೆದುರು, ಅವನ ಕೈಯಿಂದ, ಅವನ ಬಾಯಿಂದ. ಬೇರೆ ಯಾರೂ ನನ್ನ ಮುಟ್ಟಬಾರದು. ನೀನಂತೂ ಮುಟ್ಟಲೇಬಾರದು."

"ನಾನು ಕರೆದ್ರೆ ಏನಾಗ್ತೈತೆ?"

"ನೀನು ಕರೆದರೆ ಹಳೇ ಡಾಕ್ಟರಮ್ಮನ ಹಳೇ ಫಿಟ್ಟರು ಏನೋ ಮಂತ್ರ ಹಾಕಿದ ಅಂತಾರೆ. ಅವನು ಕರೆದರೆ, ಕರೆಯೋದು ಬೇಕು ಅಂತ ಮಿಲ್ಲೇ ಒಪ್ಪಿದ ಹಾಗೆ. ಆಮೇಲೆ ಇಲ್ಲ ಅನ್ನೋ ಹಾಗಿಲ್ಲ."

"ಅವನು ಕರೀದಿದ್ರೆ?"

"ಮೂರು ನಿಮಿಷ ಕಾಯಿ."

"ಮೂರು ದಾಟಿದ್ರೆ?"

"ದಾಟಿದರೆ, ನಾನು ಬರೀದೆ ಬಿಟ್ಟದ್ದಕ್ಕೆ ಅಲ್ಲಿಗೆ ಸರಿಹೋಯ್ತು." ಅವರ ದನಿಯಲ್ಲಿ ಅಳು ಇರಲಿಲ್ಲ, ಬರೀ ಸಿಟ್ಟಿತ್ತು, ಅದೂ ಹೆಚ್ಚಿನ ಪಾಲು ತಮ್ಮ ಮೇಲೇ. ದಾದಾಪೀರ್ ಒಪ್ಪಿದ. ಮೂರು ನಿಮಿಷ ದಾಟಿದರೆ ಮಾತು ಮುರಿಯುವುದೆಂದು ಒಳಗೊಳಗೇ ನಿರ್ಧಾರ ಮಾಡಿಕೊಂಡೂ ಒಪ್ಪಿದ.

ಗೊತ್ತುಮಾಡಿದ ದಿನ ಬೆಳಿಗ್ಗೆ ಏಳಕ್ಕೆ ಸಿದ್ಧಗಂಗಮ್ಮ ಮಾಬುನ್ನಿಯ ಪಕ್ಕದಲ್ಲಿ, ಹನುಮಕ್ಕನ ಫ್ರೇಮಿನ ಮುಂದೆ ನಿಂತರು. ಹಿಂದಿನ ರಾತ್ರಿಯೆಲ್ಲ ಅವರು ಬೇಕೆಂದೇ ಕಣ್ಣು ಮುಚ್ಚಿರಲಿಲ್ಲ. ಸೀರೆಯ ಸೆರಗು ಸರಿಸಿ, ಕೊರಳ ಹಳೆಯ ಗುಂಡಿಗೆ ಕೊಳವೆ ಸಿಕ್ಕಿಸಿಕೊಂಡು, ಮೂಗಿಗೆ ಚಿಮುಟ ಹಾಕಿ, ಬಾಯಿಗೆ ಪಟ್ಟಿ ಅಂಟಿಸಿಕೊಂಡರು. ಪತ್ರಿಕೆಯವರು ಫೋಟೋ ತೆಗೆದರು. ವಾಮದೇವಪ್ಪ ಪಕ್ಕದಲ್ಲಿ ನಿಂತು ನಕ್ಕ. ಎಂಟು ಗಂಟೆ ಕಾಲ ಆ ಅರವತ್ತೊಂದರ ಹೆಂಗಸು ಹರಿದ ನೂಲಿಗೆ ಗಂಟು ಹಾಕಿದರು. ಮಿಲ್ಲಿನ ಹೆಣ್ಣುಮಕ್ಕಳು ಗದ್ದಲದಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಹನ್ನೊಂದರ ಹೊತ್ತಿಗೆ, ಮೂರಕ್ಕೆ ಯಾರೂ ಮನೆಗೆ ಹೋಗಬಾರದು, ಪೆಟ್ಟಿಗೆ ದಾಟಿಸುವಾಗ ಎರಡನೆಯ ಪಾಳಿಯವರಿಗೂ ತಿಳಿಸಬೇಕು ಎಂಬ ಸುದ್ದಿ ಸಾಲಿನಿಂದ ಸಾಲಿಗೆ ಸನ್ನೆಯಲ್ಲೇ ಹರಿದುಹೋಯಿತು. ಮೇಲಿನ ಗಾಜಿನ ಕೋಣೆಯಲ್ಲಿದ್ದವರಿಗೆ ಕಂಡದ್ದು ಹಸಿರು ದೀಪಗಳು ಮಾತ್ರ.

ಮೂರಕ್ಕೆ ಗಂಟೆ ಬಾರಿಸಿತು. ತೊಂಬತ್ತು ಸೆಕೆಂಡಿನಲ್ಲಿ ಪೆಟ್ಟಿಗೆಗಳು ಎರಡನೆಯ ಪಾಳಿಯವರ ಬೆನ್ನೇರಿದವು. ಸಿದ್ಧಗಂಗಮ್ಮ ಹೊರಗೆ ಬಂದು, ಧ್ವನಿವರ್ಧಕದ ಕೆಳಗಿನ ಬೆಂಚಿನ ಮೇಲೆ ಕೂತರು. ಮೊದಲ ಪಾಳಿಯವರು ಒಬ್ಬರೂ ಮನೆಗೆ ಹೋಗದೆ ಸುತ್ತ ನಿಂತರು.

"ಹೇಗಿತ್ತು ಮೇಡಂ ಅನುಭವ?" ಎಂದ ವಾಮದೇವಪ್ಪ, ಪತ್ರಿಕೆಯವರ ಕಡೆ ಅರ್ಧ ಮುಖ ತಿರುಗಿಸಿ.

"ಬಹಳ ಸುಖ" ಎಂದರು ಸಿದ್ಧಗಂಗಮ್ಮ. ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದರು. ನಿದ್ದೆ ಕಾದು ಕೂತಿದ್ದಂತೆ ಬಂತು. ಎದೆ ಎರಡು ಸಲ ಸಣ್ಣಗೆ ಎದ್ದು, ಮೂರನೆಯ ಸಲ ಏಳಲಿಲ್ಲ.

ದಾದಾಪೀರ್ ಕೈಗಡಿಯಾರ ನೋಡಿದ. "ಉಸಿರು ನಿಂತೈತೆ ಸಾಹೇಬ್ರೆ" ಎಂದ. "ಕರೀರಿ."

"ಏನು?"

"ಅಮ್ಮಾರು ಹೇಳಿದಾರೆ, ನೀವೇ ಕರೀಬೇಕಂತ. ನಾವ್ಯಾರೂ ಮುಟ್ಟೋದಿಲ್ಲ."

ವಾಮದೇವಪ್ಪ ಮೊದಲು ತಮಾಷೆ ಎಂದುಕೊಂಡ. ಬಗ್ಗಿ ನೋಡಿದ. ತುಟಿ ಕಪ್ಪಿಡುತ್ತಿತ್ತು. "ಡಾಕ್ಟರ್ ಎಲ್ಲಿ?" ಎಂದ. ಮಿಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದ. "ಪೆಟ್ಟಿಗೆ ತನ್ನಿ, ಮತ್ತೆ ಹಾಕಿ" ಎಂದು ಕೂಗಿದ. ಯಾರೂ ಅಲುಗಲಿಲ್ಲ. ಪೆಟ್ಟಿಗೆಗಳೆಲ್ಲ ಎರಡನೆಯ ಪಾಳಿಯವರ ಬೆನ್ನಿನ ಮೇಲಿದ್ದವು, ಅವನ ತೊಂಬತ್ತು ಸೆಕೆಂಡಿನ ನಿಯಮದ ಪ್ರಕಾರವೇ. ಒಂದು ಪೆಟ್ಟಿಗೆಯೂ ಮಿಲ್ಲಿನಲ್ಲಿ ಬಿಡುವಾಗಿ ಇರಲಿಲ್ಲ.

ಒಂದು ನಿಮಿಷವಾಯಿತು. ಮೇಲಿನ ಡಬ್ಬಿ ನಯವಾಗಿ, "ಕಾರ್ಮಿಕ ಬಂಧುಗಳೇ, ದಯವಿಟ್ಟು ಉಸಿರು ತೆಗೆದುಕೊಳ್ಳಿ" ಎಂದಿತು.

ದಾದಾಪೀರನ ಎಡಗೈ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ಬಲಗೈಯಿಂದ ಅದನ್ನು ಹಿಡಿದುಕೊಂಡ. ಮೂವತ್ತು ವರ್ಷ ಯಾರ ಉಸಿರು ನಿಂತರೂ ಮೊದಲು ಹೋದ ಕೈ ಅದು. ಈ ಹೆಂಗಸಿನ ಮೇಲೆ ತನಗೆ ಎಷ್ಟೆಲ್ಲ ಸಿಟ್ಟಿದೆ ಎಂದುಕೊಂಡಿದ್ದನಲ್ಲ, ಅದೆಲ್ಲ ಈಗ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಉಳಿದದ್ದು ಎದುರಿಗಿದ್ದ ಆ ಸೂಟಿನ ಮೇಲಿನ ಸಿಟ್ಟು.

"ಎರಡು ನಿಮಿಷ ಆತು" ಎಂದ.

"ಮೇಡಂ" ಎಂದ ವಾಮದೇವಪ್ಪ, ನಿಂತುಕೊಂಡೇ. "ಮೇಡಂ, ಉಸಿರು ತೆಗೆದುಕೊಳ್ಳಿ."

"ಆ ಮಾತು ಮ್ಯಾಲಿನ ಡಬ್ಬಿ ಆಗ್ಲೇ ಹೇಳ್ತಾ ಐತೆ" ಎಂದಳು ಮಾಬುನ್ನಿ, ಗುಂಪಿನಿಂದ ಮುಂದೆ ಬಂದು. "ಹನುಮಕ್ಕಗೂ ಹಂಗೇ ಹೇಳ್ತು."

"ಮಂಡಿ ಊರ್ರಿ ಸಾಹೇಬ್ರೆ" ಎಂದ ದಾದಾಪೀರ್. "ಎದಿ ಮ್ಯಾಲೆ ಕೈ ಇಡ್ರಿ. ಬೆರಳಗಂಟಿನಿಂದ ಉಜ್ರಿ, ನೋವಾಗ್ಬೇಕು. ಮೇಡಂ ಅನ್ಬ್ಯಾಡ್ರಿ. ಮನಿಯಾಗೆ ಅವರ ತಾಯಿ ಗಂಗಿ ಅಂತಿದ್ರು. ಗಂಗಿ ಅನ್ರಿ."

ಕ್ಯಾಮೆರಾ ಹಿಡಿದವನು ಕ್ಯಾಮೆರಾ ಇಳಿಸಿದ್ದ. ವಾಮದೇವಪ್ಪ ಸುತ್ತ ನೋಡಿದ. ಮುನ್ನೂರು ಮುಖ, ಒಂದರಲ್ಲೂ ಅವನಿಗೆ ಆಸರೆ ಸಿಗಲಿಲ್ಲ. ಅವನು ಮಂಡಿಯೂರಿದ. ಎದೆಯ ಮೇಲೆ ಕೈಯಿಟ್ಟ.

"ಗಂಗೀ" ಎಂದ. ಬೆರಳಗಂಟಿನಿಂದ ಉಜ್ಜಿದ. "ಗಂಗೀ, ಉಸಿರು ತಗೋ."

ಏನೂ ಆಗಲಿಲ್ಲ. ದಾದಾಪೀರನ ಗಡಿಯಾರದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡ್.

"ಜೋರಾಗಿ ಉಜ್ರಿ. ಹೆದರ್ಬ್ಯಾಡ್ರಿ, ಆಕಿ ಹೆದರೋಳಲ್ಲ."

"ಗಂಗೀ, ಉಸಿರು ತಗೋ. ತಗೋ ಗಂಗೀ, ತಗೋ ತಾಯೀ." ಆ ಸಾಕಿದ ದನಿ ಒಡೆದು ಹಳ್ಳಿಯ ದನಿಯಾಗಿತ್ತು.

ಸಿದ್ಧಗಂಗಮ್ಮನವರ ಎದೆ ಎದ್ದಿತು. ಯಾರೋ ಹೆಂಗಸು ಗೊಳೋ ಎಂದು ಅತ್ತಳು. ವಾಮದೇವಪ್ಪ ಇನ್ನೊಂದು ಸಲ ಕರೆದ, ಇನ್ನೊಂದು ಉಸಿರು ಬಂತು. ಮೂರನೆಯದೂ ಬಂತು. ಅವನು ಹಣೆಯ ಬೆವರು ಒರೆಸಿಕೊಂಡು, ಮಂಡಿಯ ಧೂಳು ಕೊಡವಿಕೊಂಡು ಏಳಲು ಹೊರಟ.

ದಾದಾಪೀರ್ ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದ. "ಇನ್ನೂ ಹದಿನೇಳು ಐತೆ ಸಾಹೇಬ್ರೆ."

ಮ್ಯಾನೇಜರ್ ಮತ್ತೆ ಕೂತ. ಹದಿನೇಳನ್ನೂ ಕರೆದ. ಅವನು ಹತ್ತನೆಯದನ್ನು ಕರೆಯುವ ಹೊತ್ತಿಗೆ ಒಳಗೆ ಸ್ಪಿಂಡಲ್ಲುಗಳ ಸದ್ದು ನಿಂತಿತು. ಎರಡನೆಯ ಪಾಳಿಯವರು ಫ್ರೇಮು ನಿಲ್ಲಿಸಿ, ಬೆನ್ನಿನ ಪೆಟ್ಟಿಗೆ ಸಮೇತ, ಬಾಯಿಗೆ ಪಟ್ಟಿ ಹಾಕಿಕೊಂಡೇ ಹೊರಗೆ ಬಂದರು. ಮೊದಲ ಪಾಳಿಯವರು ನೆಲದ ಮೇಲೆ ಕೂತರು. ತನ್ನ ಪೆಟ್ಟಿಗೆಯನ್ನು ಯಾರಿಂದ ಪಡೆದಳೋ ಅವಳ ಎದುರು ಬಂದು ಕೂತು ಒಬ್ಬೊಬ್ಬಳೂ ಅವಳ ಎದೆಯ ಮೇಲೆ ಕೈಯಿಟ್ಟಳು. ಕರೆಯಲು ಬಾಯಿ ಬೇಕಲ್ಲ. ಒಬ್ಬೊಬ್ಬಳಾಗಿ ಬಾಯಿಪಟ್ಟಿ ಕಿತ್ತು ಎಸೆದರು. ಪಾರೀ, ಉಸಿರು ತಗೋ. ಸುಬ್ಬೀ, ಉಸಿರು ತಗೋ. ಬುನ್ನೀ, ಉಸಿರು ತಗೋ. ಮೇಲಿನ ಡಬ್ಬಿಯ ದನಿ ಯಾರಿಗೂ ಕೇಳಿಸಲಿಲ್ಲ. ಅಟ್ಟದ ಮೇಲಿನ ಗೋಡೆಯಲ್ಲಿ ದೀಪಗಳು ಹಸಿರಾಗಿಯೇ ಇದ್ದವು. ಹದಿನೈದು ನಿಮಿಷ ಮಿಲ್ಲು ಓಡಲಿಲ್ಲ. ಆ ದಿನದಿಂದ ಯಾವ ಪಾಳಿಯೂ ಆ ಹದಿನೈದು ನಿಮಿಷವನ್ನು ಬಿಟ್ಟುಕೊಡಲಿಲ್ಲ, ಮಿಲ್ಲೂ ಕೇಳುವ ಧೈರ್ಯ ಮಾಡಲಿಲ್ಲ. ಧೂಳಿನ ಜಗಳ ಮುಂದಿನ ವಾರ ಶುರುವಾಯಿತು.

ನಾಲ್ಕು ದಿನ ಬಿಟ್ಟು ಸಿದ್ಧಗಂಗಮ್ಮ ದಾದಾಪೀರನನ್ನು ಕರೆಸಿದರು. ಎದೆಮೂಳೆಯ ಮೇಲೆ ಇನ್ನೂ ಕಂದು ಗಾಯವಿತ್ತು. ಮೇಜಿನ ಮೇಲೆ ಒಂದು ಹಾಳೆ, ಕನ್ನಡದಲ್ಲಿ ಬರೆದದ್ದು. ಪುಸ್ತಕದ ಇನ್ನೂರ ಹದಿನೈದನೆಯ ಪುಟ.

"ಓದು. ತಪ್ಪಿದ್ದರೆ ಹೇಳು. ಇದನ್ನೇ ಇಂಗ್ಲಿಷಿಗೆ ಮಾಡಿ ಹೊರನಾಡಿನವರಿಗೆಲ್ಲ ಕಳಿಸ್ತೀನಿ."

ದಾದಾಪೀರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಕೈ ಎಲ್ಲಿಡಬೇಕು, ಹೇಗೆ ಉಜ್ಜಬೇಕು, ಯಾವ ಹೆಸರಿನಿಂದ ಕರೆಯಬೇಕು, ಎಷ್ಟು ಸಲ, ಎಷ್ಟು ತಡೆದು, ಎಲ್ಲ ಇತ್ತು. ತಪ್ಪಿರಲಿಲ್ಲ. ಕೊನೆಯಲ್ಲಿ, ಈ ವಿಧಾನವನ್ನು ಕಂಡುಹಿಡಿದವರು ದಾದಾಪೀರ್ ಪಿಂಜಾರ್, ಫಿಟ್ಟರ್, ದಾವಣಗೆರೆ ಎಂದಿತ್ತು.

ಅವನು ಆ ಸಾಲನ್ನು ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಕಾದ ಸಾಲು. ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದ. ಅದರ ಕೆಳಗೆ ತನ್ನ ದೊಡ್ಡ ಅಕ್ಷರಗಳಲ್ಲಿ ಬರೆದ. ಕರಿಬಸಪ್ಪ. ಸಾವಂತ್ರಮ್ಮ. ತಿಪ್ಪೇಶಿ. ಹನುಮಕ್ಕ.

ಸಿದ್ಧಗಂಗಮ್ಮ ಓದಿ ತಲೆಯೆತ್ತಿದರು. "ಹೊರಗಿನವರು ಇವರೆಲ್ಲ ಯಾರು ಅಂತ ಕೇಳ್ತಾರೆ ದಾದಾಪೀರ್."

"ಕೇಳ್ಲಿ" ಎಂದ ಅವನು, ಕನ್ನಡಕ ತೆಗೆದು ಮಡಿಸುತ್ತ. "ಕೇಳ್ಲಿ ಅಂತಾನೇ ಬರ್ದಿರೋದು."